ಪ್ಯಾಚ್ ಬಂದಿತ್ತು, ಮನೆಗೆ ಬಂದಿರಲಿಲ್ಲ

2003ರ ಜುಲೈ 16ರಂದು ಮೈಕ್ರೋಸಾಫ್ಟ್ ಒಂದು ಪ್ಯಾಚ್, ಅಂದರೆ ಸಾಫ್ಟ್‌ವೇರಿನ ದೋಷ ಸರಿಪಡಿಸುವ ತುಣುಕು, ಬಿಡುಗಡೆ ಮಾಡಿತು. ವಿಂಡೋಸ್ 2000 ಮತ್ತು ಎಕ್ಸ್‌ಪಿಯೊಳಗಿನ ಆರ್‌ಪಿಸಿ ಎಂಬ ಸೇವೆಯಲ್ಲಿ ದೊಡ್ಡದೊಂದು ತೂತು ಸಿಕ್ಕಿತ್ತು. ಕಂಪ್ಯೂಟರ್ ಮುಂದೆ ಕೂತವರು ಏನನ್ನೂ ಒತ್ತಬೇಕಿರಲಿಲ್ಲ, ಯಾವ ಇಮೇಲನ್ನೂ ತೆರೆಯಬೇಕಿರಲಿಲ್ಲ. ನೆಟ್ ಸಂಪರ್ಕವಿದ್ದರೆ ಸಾಕು, ಹೊರಗಿನವರು ಒಳಗೆ ನುಗ್ಗಬಹುದಿತ್ತು. ಅದನ್ನು ಮುಚ್ಚುವ ಪ್ಯಾಚ್ ಅದು. ಆಗಸ್ಟ್ 11ಕ್ಕೆ ಬ್ಲಾಸ್ಟರ್ ಎಂಬ ವರ್ಮ್, ಅಂದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿಯೇ ದಾಟುವ ಕೇಡಿನ ತಂತ್ರಾಂಶ, ಹರಡತೊಡಗಿತು. ಅದು ಒಳಗೆ ಬಂದದ್ದು ಅದೇ ತೂತಿನಿಂದ. ಮದ್ದು ತಯಾರಾಗಿದ್ದಕ್ಕೂ ರೋಗ ಬಂದದ್ದಕ್ಕೂ ನಡುವೆ 26 ದಿನಗಳಿದ್ದವು. ಆದರೂ ಲಕ್ಷಗಟ್ಟಲೆ ಕಂಪ್ಯೂಟರುಗಳು ಬಿದ್ದವು.

ಆ ವರ್ಮಿನ ಒಡಲಲ್ಲಿ ಬಿಲ್ ಗೇಟ್ಸ್‌ಗೆ ಬರೆದ ಒಂದು ಸಾಲೂ ಇತ್ತು. ದುಡ್ಡು ಮಾಡೋದು ನಿಲ್ಲಿಸಿ ನಿಮ್ಮ ಸಾಫ್ಟ್‌ವೇರ್ ಸರಿಮಾಡಿ ಎಂಬುದು ಅದರ ತಾತ್ಪರ್ಯ. ಆದರೆ ಸಾಫ್ಟ್‌ವೇರ್ ಆಗಲೇ ಸರಿಯಾಗಿತ್ತು, ಮೈಕ್ರೋಸಾಫ್ಟಿನ ಸರ್ವರಿನಲ್ಲಿ. ಸರಿಯಾದ ಆ ತುಣುಕು ಮನೆಮನೆಯ ಹಾರ್ಡ್‌ಡಿಸ್ಕಿಗೆ ತಲುಪಿರಲಿಲ್ಲ. ಬ್ಲಾಸ್ಟರ್ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು ಎಂದೇ ನನಗೆ ಅನ್ನಿಸುವುದು. ಏಕೆಂದರೆ ಸೋಂಕು ತಗುಲಿದ ಕಂಪ್ಯೂಟರುಗಳೆಲ್ಲ ಆಗಸ್ಟ್ 16ರಿಂದ ಒಟ್ಟಾಗಿ ದಾಳಿ ಮಾಡಬೇಕೆಂದು ಅದರಲ್ಲಿ ಬರೆದಿದ್ದ ಗುರಿ ಯಾವುದು ಗೊತ್ತೇ? ವಿಂಡೋಸ್‌ಅಪ್‌ಡೇಟ್ ಡಾಟ್ ಕಾಮ್. ಪ್ಯಾಚ್ ಬರುವ ದಾರಿಯನ್ನೇ ಕಟ್ಟಿಹಾಕುವ ಲೆಕ್ಕಾಚಾರ. ಆ ಹೆಸರು ನಿಜವಾದ ಸರ್ವರಿಗೆ ಕರೆದೊಯ್ಯುವ ಒಂದು ಅಡ್ಡದಾರಿಯಷ್ಟೇ ಆಗಿದ್ದರಿಂದ ಮೈಕ್ರೋಸಾಫ್ಟ್ ಅದನ್ನೇ ಕಿತ್ತುಹಾಕಿ ಪಾರಾಯಿತು.

ಮನೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡವರಿಗೆ ಸಾಫ್ಟ್‌ವೇರಿನ ತಿದ್ದುಪಡಿ ಹೇಗೆ ತಲುಪುತ್ತದೆ ಎನ್ನುವುದನ್ನು ನಾನು ತುಂಬ ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ನಂಟರ ಮನೆಗೆ ಹೋದರೆ ಊಟಕ್ಕೆ ಮೊದಲು ಕಂಪ್ಯೂಟರ್ ಮುಂದೆ ಕೂರಬೇಕಾಗುವವರ ಪೈಕಿ ನಾನೂ ಒಬ್ಬ. ಹೊಸ ಫೀಚರುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಸರ್ವರಿನಿಂದ ಮನೆಯವರೆಗಿನ ಈ ಕೊನೆಯ ಹಾದಿಯ ಬಗ್ಗೆ ಬರೆಯುವವರು ಕಡಿಮೆ. ಯಾರ ಕಂಪ್ಯೂಟರ್ ಸುರಕ್ಷಿತ, ಯಾರದ್ದು ಅಲ್ಲ ಎನ್ನುವುದನ್ನು ತೀರ್ಮಾನಿಸುವುದು ಮಾತ್ರ ಈ ಹಾದಿಯೇ. ಅದು ಹಾಳಾಗಿದ್ದರೆ ತಪ್ಪನ್ನು ಕಂಪ್ಯೂಟರಿನ ಒಡೆಯರ ತಲೆಗೆ ಕಟ್ಟುವ ಅಭ್ಯಾಸ ಮೊದಲಿನಿಂದಲೂ ಇದೆ. 'ಜನ ಅಪ್‌ಡೇಟ್ ಮಾಡಿಕೊಳ್ಳೋದೇ ಇಲ್ಲ' ಎಂದು ಕೈತೊಳೆದುಕೊಳ್ಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಬ್ಲಾಸ್ಟರ್ ಕಾಲದ ನಮ್ಮ ಊರುಗಳನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ನೆಟ್ ಎಂದರೆ ದೂರವಾಣಿ ತಂತಿಗೆ ಚುಚ್ಚಿದ ಮೋಡೆಮ್. ಹೆಸರಿಗೆ ಅದು 56 ಕೆಬಿಪಿಎಸ್, ಕೈಗೆ ಸಿಗುತ್ತಿದ್ದದ್ದು ಸೆಕೆಂಡಿಗೆ ನಾಲ್ಕೈದು ಕೆಬಿ. ಜೊತೆಗೆ ಫೋನಿನ ಮೀಟರೂ ಓಡುತ್ತಿತ್ತು. ಸೋಂಕು ತಗುಲಿದ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಆರ್‌ಪಿಸಿ ಸೇವೆ ಕುಸಿದುಬಿದ್ದು 'ಇನ್ನು 60 ಸೆಕೆಂಡಿನಲ್ಲಿ ಬಂದ್ ಆಗುತ್ತದೆ' ಎಂಬ ಎಣಿಕೆ ಪರದೆಯ ಮೇಲೆ ಶುರುವಾಗುತ್ತಿತ್ತು. ಪ್ಯಾಚ್ ಇದ್ದದ್ದು ಒಂದೆರಡು ಎಂಬಿ. ಅಷ್ಟನ್ನು ಇಳಿಸಿಕೊಳ್ಳಲಿಕ್ಕೂ ಐದಾರು ನಿಮಿಷ ಬೇಕು, ಕಂಪ್ಯೂಟರ್ ಕೊಡುತ್ತಿದ್ದದ್ದು ಒಂದೇ ನಿಮಿಷ. ರನ್ ಡಬ್ಬಿಯಲ್ಲಿ 'ಶಟ್‌ಡೌನ್, ಸ್ಪೇಸ್, ಮೈನಸ್ ಎ' ಎಂದು ಹೊಡೆದರೆ ಆ ಎಣಿಕೆ ನಿಲ್ಲುತ್ತದೆ ಎಂಬುದು ಬಾಯಿಂದ ಬಾಯಿಗೆ ಹರಡಿದ ಉಪಾಯ. ಅದನ್ನು ಫೋನಿನಲ್ಲಿ ಹೇಳೋಣವೆಂದರೆ ಅತ್ತ ಕಡೆಯವರ ಫೋನ್ ತಂತಿ ಅದೇ ನೆಟ್‌ಗೆ ಸಿಕ್ಕಿಕೊಂಡಿರುತ್ತಿತ್ತು. ಹೊಸದಾಗಿ ಫಾರ್ಮ್ಯಾಟ್ ಹೊಡೆಸಿ ಎಕ್ಸ್‌ಪಿ ಹಾಕಿಸಿಕೊಂಡವರ ಪಾಡು ಇನ್ನೂ ಕಷ್ಟ. ಪ್ಯಾಚ್ ತರಲೆಂದು ನೆಟ್‌ಗೆ ಹೋಗಬೇಕು, ಹೋದ ಕೆಲವೇ ನಿಮಿಷಗಳಲ್ಲಿ ವರ್ಮ್ ಬಂದು ಕೂರುತ್ತದೆ. ಇಂಥ ಸ್ಥಿತಿಯಲ್ಲಿ ಮನೆಯೊಡೆಯ ಏನು ಮಾಡಬೇಕಿತ್ತು?

ಇನ್ನೊಂದು ವಿಚಿತ್ರವೂ ನಡೆಯಿತು. ಒಂದು ವಾರದ ಹೊತ್ತಿಗೆ ವೆಲ್ಚಿಯಾ ಎಂಬ ಮತ್ತೊಂದು ವರ್ಮ್ ಬಂತು. ಅದೂ ಅದೇ ತೂತಿನಿಂದ ಒಳನುಗ್ಗಿ, ಬ್ಲಾಸ್ಟರನ್ನು ಅಳಿಸಿ, ಮೈಕ್ರೋಸಾಫ್ಟಿನಿಂದ ಪ್ಯಾಚ್ ಇಳಿಸಿ ಹಾಕಲು ಹೊರಟಿತು. ಉಪಕಾರ ಮಾಡುತ್ತೇನೆಂದು ಹೊರಟ ಅದರ ಓಡಾಟಕ್ಕೆ ಎಷ್ಟೋ ನೆಟ್‌ವರ್ಕ್‌ಗಳು ಉಸಿರುಕಟ್ಟಿದವು. ಕೇಳದೆ ಒಳಗೆ ಬಂದವರು ಒಳ್ಳೆಯದನ್ನೇ ಮಾಡಿದರೂ ಅದನ್ನು ತಿದ್ದುಪಡಿ ಎಂದು ಕರೆಯಲಾಗದು ಎಂಬುದು ನನ್ನ ನಿಲುವು. ಅನುಮತಿಯ ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಬ್ಲಾಸ್ಟರಿನ ಪೆಟ್ಟಿನ ನಂತರ ಎರಡು ಬದಲಾವಣೆ ಆದವು. ಆ ವರ್ಷದ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ತಿಂಗಳ ಎರಡನೆಯ ಮಂಗಳವಾರ ಎಲ್ಲ ಪ್ಯಾಚ್‌ಗಳನ್ನೂ ಒಟ್ಟಿಗೆ ಬಿಡತೊಡಗಿತು. ನಮ್ಮ ಗಡಿಯಾರದಲ್ಲಿ ಅದು ಮಂಗಳವಾರ ರಾತ್ರಿ ಹತ್ತೂವರೆ, ಹನ್ನೊಂದೂವರೆಯ ಹೊತ್ತು. ಹಾಗಾಗಿ ಇಲ್ಲಿನ ಮನೆಗಳಿಗೆ ಅದು ಬುಧವಾರದ ಬಾಬತ್ತು. ಬುಧವಾರ ಬೆಳಿಗ್ಗೆ ಕಂಪ್ಯೂಟರ್ ಯಾಕೋ ನಿಧಾನ ಎಂದು ಫೋನ್ ಬಂದರೆ ನಾನು ಮೊದಲು ಕ್ಯಾಲೆಂಡರ್ ನೋಡುತ್ತೇನೆ.

ಎರಡನೆಯದು 2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿಯ ಸರ್ವೀಸ್ ಪ್ಯಾಕ್ 2 ಎಂಬ ತಿದ್ದುಪಡಿಗಳ ದೊಡ್ಡ ಕಟ್ಟು. ಹೊರಗಿನಿಂದ ನುಗ್ಗುವುದನ್ನು ತಡೆಯುವ ಫೈರ್‌ವಾಲ್ ಯಾರೂ ಕೇಳದೆಯೇ ಚಾಲೂ ಇರುವ ಹಾಗೆ ಆದದ್ದು ಇದರಿಂದಲೇ. ತಂತ್ರಾಂಶದ ಚರಿತ್ರೆಯಲ್ಲಿ ಮನೆ ಬಳಕೆದಾರರಿಗೆ ಸಿಕ್ಕ ದೊಡ್ಡ ಉಪಕಾರಗಳಲ್ಲಿ ಅದೊಂದು ಎಂದು ಈಗಲೂ ನಂಬಿದ್ದೇನೆ. ಆದರೆ ಅದರ ಪೂರ್ತಿ ಕಡತ 266 ಎಂಬಿ! ಡಯಲ್‌ಅಪ್ಪಿನಲ್ಲಿ ಲೆಕ್ಕ ಹಾಕಿದರೆ 15ರಿಂದ 19 ತಾಸು ತಡೆಯಿಲ್ಲದೆ ಇಳಿಯಬೇಕು. ನಡುವೆ ಒಂದು ಕರೆಂಟ್ ಕಟ್, ಒಂದು ಮಳೆ, ಒಂದು ಲೈನ್ ಕಟ್ ಆದರೂ ಎಲ್ಲ ಮತ್ತೆ ಮೊದಲಿಂದ. ಮಲೆನಾಡಿನಲ್ಲಿ ಆಗಸ್ಟ್ ಅಂದರೆ ಮಳೆಯೇ.

ಅಂಥವರಿಗೆ ತಿದ್ದುಪಡಿ ಬಂದದ್ದು ತಂತಿಯಲ್ಲಿ ಅಲ್ಲ, ಸಿಡಿಯಲ್ಲಿ. ಡಿಜಿಟ್, ಪಿಸಿಕ್ವೆಸ್ಟ್‌ನಂಥ ಮಾಸಪತ್ರಿಕೆಗಳ ಜೊತೆ ಸಿಡಿ ಬರುತ್ತಿದ್ದ ಕಾಲ. ಜನ ಆಟಗಳಿಗೆಂದು ಕೊಂಡರೂ ಆ ಸಿಡಿಯ ಒಂದು ಮೂಲೆಯಲ್ಲಿ ಪ್ಯಾಚ್‌ಗಳು, ಡ್ರೈವರುಗಳು, ಆಂಟಿವೈರಸ್ಸಿನ ಹೊಸ ಕಡತಗಳು ಇರುತ್ತಿದ್ದವು. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಿಂದ ಒಬ್ಬರು ತಂದರೆ ಬೀದಿಯ ಕಂಪ್ಯೂಟರುಗಳಿಗೆಲ್ಲ ಅದೇ ಸಿಡಿ. ಗೀರು ಬಿದ್ದು ಓದದೆ ಹೋಗುವ ತನಕ ಅದು ಮನೆಯಿಂದ ಮನೆಗೆ ತಿರುಗುತ್ತಿತ್ತು. ನೆಟ್ ಇಲ್ಲದ ಮನೆಗೂ ತಿದ್ದುಪಡಿ ತಲುಪುತ್ತಿದ್ದ ವ್ಯವಸ್ಥೆ ಅದು. ಆಮೇಲೆ ಎಲ್ಲವೂ ನೆಟ್‌ಗೆ ಹೋಯಿತು, ಹಳೆಯ ದಾರಿ ಮುಚ್ಚಿಹೋಯಿತು. ನೆಟ್ ಸರಿಯಿಲ್ಲದ ಮನೆಗಳೂ ಇವೆಯಲ್ಲ ಎಂದು ಯಾರೂ ಕೇಳಲಿಲ್ಲ.

2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಕೇಂದ್ರ ಸರ್ಕಾರ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದಿತು. ಮರುವರ್ಷ ಬಿಎಸ್ಸೆನ್ನೆಲ್‌ನ ಡೇಟಾಒನ್ ಶುರುವಾಯಿತು. ತಿಂಗಳಿಗೆ 500 ರೂಪಾಯಿಯ ಯೋಜನೆಯಲ್ಲಿ 1 ಜಿಬಿ ಮಿತಿ, ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಮಾತ್ರ ಲೆಕ್ಕವಿಲ್ಲ. ಆ ತಲೆಮಾರಿನ ಎಷ್ಟು ಜನ ಎರಡು ಗಂಟೆಗೆ ಅಲಾರಾಂ ಇಟ್ಟು ಎದ್ದಿದ್ದಾರೋ! ಸಿನಿಮಾಕ್ಕಾಗಿ ಎದ್ದವರೇ ಹೆಚ್ಚು, ನಿಜ. ಆದರೆ ಅಪ್‌ಡೇಟಿಗಾಗಿ ಎದ್ದವರೂ ಇದ್ದರು. ವಿಂಡೋಸ್ ತನ್ನಷ್ಟಕ್ಕೆ ತಾನು ಅಪ್‌ಡೇಟ್ ಇಳಿಸಲು ಸಿದ್ಧವಾಗಿತ್ತು, ನೆಟ್ ಬಳಕೆ ಕಡಿಮೆ ಇರುವಾಗ ನೋಡಿ ತುಸುತುಸುವೇ ಎಳೆದುಕೊಳ್ಳುವ ಜಾಣತನವೂ ಅದಕ್ಕಿತ್ತು. ಆದರೆ ಹಗಲಿನಲ್ಲಿ ಹಾಗೆ ಎಳೆದುಕೊಂಡರೆ 1 ಜಿಬಿ ಮುಗಿದು ಬಿಲ್ಲು ಏರುತ್ತದೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಹಗಲು ಇಳಿಸಿಕೊಂಡರೂ ಹೆಚ್ಚಿನ ದುಡ್ಡು ಬೀಳದ ಊರುಗಳ ಸೌಕರ್ಯವನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ಏರ್ಪಾಡು ಅದು. ಇಲ್ಲಿ ಬಿಲ್ ನೋಡಿ ಗಾಬರಿಯಾದ ಅಪ್ಪಂದಿರು ಸ್ವಯಂಚಾಲಿತ ಅಪ್‌ಡೇಟನ್ನೇ ನಿಲ್ಲಿಸಿಸಿದರು. ಅವರು ಹಾಗೆ ಮಾಡಿದ್ದು ಅಜ್ಞಾನದಿಂದಲ್ಲ, ಮನೆ ಖರ್ಚಿನ ಲೆಕ್ಕದಿಂದ.

ನಿಲ್ಲಿಸಲಿಕ್ಕೆ ಇನ್ನೊಂದು ಕಾರಣವೂ ಇತ್ತು, ಅದರ ಬಗ್ಗೆ ಬಾಯಿಬಿಟ್ಟು ಮಾತಾಡುವವರು ಕಡಿಮೆ. ಆ ಕಾಲದ ಅಸೆಂಬಲ್ ಕಂಪ್ಯೂಟರುಗಳಲ್ಲಿ ಬಹಳಷ್ಟಕ್ಕೆ ಹಾಕಿಕೊಟ್ಟದ್ದು ನಕಲಿ ವಿಂಡೋಸ್. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಜೋಡಿಸಿ ಕೊಡುವ ಹುಡುಗರು ತಾಲ್ಲೂಕಿಗೊಬ್ಬರಾದರೂ ಇದ್ದರು. ಅವರು ಹೊರಡುವಾಗ ಹೇಳುತ್ತಿದ್ದ ಕೊನೆಯ ಮಾತು ಒಂದೇ: 'ಅಪ್‌ಡೇಟ್ ಮಾತ್ರ ಆನ್ ಮಾಡ್ಬೇಡಿ ಸಾರ್, ಆಮೇಲೆ ಸಿಸ್ಟಮ್ ಲಾಕ್ ಆಗುತ್ತೆ.' 2005ರ ಜುಲೈನಿಂದ ವಿಂಡೋಸ್ ಅಸಲಿಯೇ ಎಂದು ಪರೀಕ್ಷಿಸುವ ಏರ್ಪಾಡು ಬಂದ ಮೇಲೆ ಈ ಹೆದರಿಕೆ ದುಪ್ಪಟ್ಟಾಯಿತು. ನಿಜಸಂಗತಿ ಬೇರೆಯೇ ಇತ್ತು. ನಕಲಿ ವಿಂಡೋಸಿಗೂ ಸ್ವಯಂಚಾಲಿತ ಅಪ್‌ಡೇಟಿನ ಮೂಲಕ ಮುಖ್ಯ ಭದ್ರತಾ ಪ್ಯಾಚ್‌ಗಳನ್ನು ಮೈಕ್ರೋಸಾಫ್ಟ್ ಕೊಡುತ್ತಲೇ ಇತ್ತು. ಒಂದು ರೋಗಗ್ರಸ್ತ ಕಂಪ್ಯೂಟರ್ ಅಸಲಿ ಕೊಂಡವರಿಗೂ ರೋಗ ಹಚ್ಚುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು, ಅದು ಸರಿಯಾದ ನಿರ್ಧಾರ. ಆದರೆ ಆ ಸುದ್ದಿ ಸಾಗರಕ್ಕೋ ಸಿಂಧನೂರಿಗೋ ಬರಲಿಲ್ಲ. ಬಂದದ್ದು ಹೆದರಿಕೆ ಮಾತ್ರ. ಆರೇಳು ವರ್ಷ ಒಂದೂ ಪ್ಯಾಚ್ ಕಾಣದೆ ಓಡಿದ ಕಂಪ್ಯೂಟರುಗಳನ್ನು ನಾನು ಕಂಡಿದ್ದೇನೆ.

ಅದರ ಫಲ 2008ರ ಕೊನೆಯಲ್ಲಿ ಕಾಣಿಸಿತು. ಅಕ್ಟೋಬರ್ 23ರಂದು ಮೈಕ್ರೋಸಾಫ್ಟ್ ತಿಂಗಳ ಸರದಿಗೂ ಕಾಯದೆ ತುರ್ತಾಗಿ ಒಂದು ಪ್ಯಾಚ್ ಬಿಟ್ಟಿತು. ನವೆಂಬರಿನಲ್ಲಿ ಅದೇ ತೂತಿನಿಂದ ನುಗ್ಗುವ ಕಾನ್‌ಫಿಕರ್ ಎಂಬ ವರ್ಮ್ ಹುಟ್ಟಿತು. ಹೆಚ್ಚು ಸೋಂಕು ತಗುಲಿದ ದೇಶಗಳಲ್ಲಿ ನಮ್ಮದೂ ಒಂದು. ಅದರ ನಂತರದ ರೂಪ ಪೆನ್ ಡ್ರೈವಿನಲ್ಲೂ ಹರಡುತ್ತಿತ್ತು, ನಮಗೆ ಹೊಡೆತ ಬಿದ್ದದ್ದು ಅಲ್ಲೇ. ಮನೆಯಲ್ಲಿ ನೆಟ್ ಇಲ್ಲದವರು ಸೈಬರ್ ಸೆಂಟರಿಗೆ ಹೋಗಿ ಆಂಟಿವೈರಸ್ಸಿನ ಆಫ್‌ಲೈನ್ ಅಪ್‌ಡೇಟನ್ನು ಪೆನ್ ಡ್ರೈವಿಗೆ ಹಾಕಿಸಿಕೊಂಡು ಬರುತ್ತಿದ್ದರು. ಪುಣೆಯ ಕ್ವಿಕ್‌ಹೀಲ್‌ನಂಥವರು ಇಂಥವರಿಗೆಂದೇ ಆಫ್‌ಲೈನ್ ಕಡತ ಇಟ್ಟಿದ್ದರು. ಮದ್ದು ತಂದ ಪೆನ್ ಡ್ರೈವಿನಲ್ಲೇ ಸೈಬರಿನ ವರ್ಮೂ ಕೂತು ಮನೆಗೆ ಬರುತ್ತಿತ್ತು. ಚುಚ್ಚಿದೊಡನೆ ತಾನಾಗಿ ತೆರೆದುಕೊಳ್ಳುವ ಆಟೋರನ್ ಸೌಲಭ್ಯವೇ ಅದಕ್ಕೆ ಬಾಗಿಲು. ಆ ಬಾಗಿಲನ್ನು ಹಳೆಯ ವಿಂಡೋಸ್‌ಗಳಲ್ಲೂ ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸ್ವಯಂಚಾಲಿತ ಅಪ್‌ಡೇಟಿಗೆ ಸೇರಿಸಿದ್ದು 2011ರ ಫೆಬ್ರುವರಿಯಲ್ಲಿ. ಅಪ್‌ಡೇಟ್ ಬಂದ್ ಮಾಡಿಸಿಕೊಂಡಿದ್ದ ಮನೆಗಳಿಗೆ ಅದೂ ತಲುಪಲಿಲ್ಲ.

ತಿದ್ದುಪಡಿ ಎಂದರೆ ತೂತು ಮುಚ್ಚುವುದಷ್ಟೇ ಅಲ್ಲ ಎಂಬುದನ್ನು ಕನ್ನಡ ಓದುವವರು ಬೇರೆ ಯಾರಿಗಿಂತ ಚೆನ್ನಾಗಿ ಬಲ್ಲರು. ಎಕ್ಸ್‌ಪಿಯಲ್ಲಿ ಕನ್ನಡಕ್ಕೆಂದು ತುಂಗಾ ಅಕ್ಷರಶೈಲಿ ಇತ್ತು. ಆದರೆ ಒತ್ತಕ್ಷರ, ಕಾಗುಣಿತ ಸರಿಯಾಗಿ ಮೂಡಬೇಕಾದರೆ ಕಂಟ್ರೋಲ್ ಪ್ಯಾನೆಲಿನ ಭಾಷಾ ವಿಭಾಗಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಕಡತ ಹಾಕು ಎಂಬ ಚೌಕಕ್ಕೆ ಟಿಕ್ ಕೊಡಬೇಕಿತ್ತು. ಕೊಟ್ಟೊಡನೆ ಅದು ಎಕ್ಸ್‌ಪಿಯ ಸಿಡಿ ಕೇಳುತ್ತಿತ್ತು. ಸಿಡಿ ಅಸೆಂಬಲ್ ಮಾಡಿದ ಹುಡುಗನ ಬ್ಯಾಗಿನಲ್ಲಿ, ಹುಡುಗ ಇನ್ನೊಂದೂರಿನಲ್ಲಿ. ಎಷ್ಟೋ ಮನೆಗಳಲ್ಲಿ ಕನ್ನಡದ ತಾಣಗಳು ಚೌಕಚೌಕವಾಗಿ, ಒತ್ತು ಕಿತ್ತುಬಂದ ಅಕ್ಷರಗಳಾಗಿ ಕಂಡದ್ದು ಹೀಗೆ. ಕನ್ನಡ ಕಂಪ್ಯೂಟರಿನಲ್ಲಿ ಬರುವುದಿಲ್ಲ ಎಂಬ ಮಾತು ಊರಲ್ಲೆಲ್ಲ ಹಬ್ಬಿದ್ದಕ್ಕೆ ಇದೂ ಒಂದು ಕಾರಣ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ರೂಪಾಯಿ ಚಿಹ್ನೆಯ ಕತೆಯೂ ಹೀಗೆಯೇ. 2010ರ ಜುಲೈ 15ರಂದು ಕೇಂದ್ರ ಸಂಪುಟ ಉದಯ ಕುಮಾರ್ ಅವರು ರಚಿಸಿದ ಚಿಹ್ನೆಯನ್ನು ಒಪ್ಪಿತು. ಅದೇ ಅಕ್ಟೋಬರಿನಲ್ಲಿ ಯೂನಿಕೋಡ್ 6.0, ಅಂದರೆ ಎಲ್ಲ ಕಂಪ್ಯೂಟರುಗಳೂ ಬಳಸುವ ಅಕ್ಷರಗಳ ಪಟ್ಟಿ, ಅದಕ್ಕೊಂದು ಸ್ಥಾನ ಕೊಟ್ಟಿತು. ಆ ತಿಂಗಳೇ ಬಂದ, ವಿಂಡೋಸಿಗೆ ಬದಲಾಗಿ ಬಳಸಬಹುದಾದ ಉಬುಂಟು ಎಂಬ ಲಿನಕ್ಸಿನ 10.10ನೆಯ ಆವೃತ್ತಿಯಲ್ಲಿ ಚಿಹ್ನೆ ಆಗಲೇ ಇತ್ತು. ವಿಂಡೋಸ್ 7 ಮತ್ತು ವಿಸ್ತಾಗೆ 2011ರಲ್ಲಿ ಅಪ್‌ಡೇಟ್ ಬಂತು. ಅದನ್ನು ಹಾಕಿಕೊಂಡವರಿಗೆ ₹ ಕಂಡಿತು, ಹಾಕಿಕೊಳ್ಳದವರಿಗೆ ಖಾಲಿ ಡಬ್ಬಿ ಕಂಡಿತು. ನಮ್ಮದೇ ನಾಣ್ಯದ ಗುರುತು ನಮ್ಮ ಮನೆಯ ಪರದೆಯ ಮೇಲೆ ಮೂಡಲು ಅಪ್‌ಡೇಟ್ ಬೇಕಾಯಿತು.

ಲಿನಕ್ಸಿನವರ ದಾರಿ ಬೇರೆ ಥರದ್ದು, ನನಗೆ ಪ್ರೀತಿಯದ್ದು. 2005ರಿಂದ 2011ರವರೆಗೆ ಉಬುಂಟುವಿನ ಕ್ಯಾನಾನಿಕಲ್ ಸಂಸ್ಥೆ ಶಿಪ್‌ಇಟ್ ಎಂಬ ಏರ್ಪಾಡಿನಲ್ಲಿ ಕೇಳಿದವರ ಮನೆಗೆ ಸಿಡಿಯನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿತ್ತು. ವಿಳಾಸ ಬರೆದು ಕೆಲವು ವಾರ ಕಾದರೆ ಅಂಚೆಯಣ್ಣ ವಿದೇಶಿ ಸ್ಟ್ಯಾಂಪಿನ ಲಕೋಟೆ ತಂದುಕೊಡುತ್ತಿದ್ದ. ಒಂದು ಪೂರ್ತಿ ಆಪರೇಟಿಂಗ್ ಸಿಸ್ಟಮ್, ಪರವಾನಗಿಯ ಕೀ ಇಲ್ಲ, ನಕಲಿಯ ಭಯ ಇಲ್ಲ. ಇನ್ನೊಂದು ದೊಡ್ಡ ಗುಣವೂ ಅಲ್ಲಿತ್ತು. ಬ್ರೌಸರ್, ಕಚೇರಿ ತಂತ್ರಾಂಶ, ಫೋಟೋ ನೋಡುವ ತಂತ್ರಾಂಶ ಎಲ್ಲದರ ತಿದ್ದುಪಡಿಯೂ ಒಂದೇ ಕಡೆಯಿಂದ, ಒಂದೇ ಸಲಕ್ಕೆ ಬರುತ್ತಿತ್ತು. ಅದೇ ಹೊತ್ತಿನ ವಿಂಡೋಸ್ ಮನೆಯಲ್ಲಿ ಅಡೋಬಿ ರೀಡರ್ ಒಂದು ಮೂಲೆಯಿಂದ ಕೇಳುತ್ತಿತ್ತು, ಫ್ಲ್ಯಾಶ್ ಇನ್ನೊಂದು ಮೂಲೆಯಿಂದ, ಜಾವಾ ಮತ್ತೊಂದು ಮೂಲೆಯಿಂದ. ಜಾವಾ ಅಪ್‌ಡೇಟಿನ ಜೊತೆ ಆಸ್ಕ್ ಟೂಲ್‌ಬಾರ್ ಕೂಡ ಬಂದು ಬ್ರೌಸರಿನಲ್ಲಿ ಕೂರುತ್ತಿತ್ತು. ಹೀಗೆ ದಿನಕ್ಕೊಂದು ಕಿಟಕಿ ಕಾಣುವವರಿಗೆ ಅಸಲಿ ಯಾವುದು ಹುಸಿ ಯಾವುದು ಎಂದು ತಿಳಿಯುವುದಾದರೂ ಹೇಗೆ? 'ನಿಮ್ಮ ಫ್ಲ್ಯಾಶ್ ಹಳತಾಗಿದೆ' ಎಂಬ ಹುಸಿ ಕಿಟಕಿ ವರ್ಷಗಟ್ಟಲೆ ವೈರಸ್ ಹಂಚುವವರ ನೆಚ್ಚಿನ ಸಾಧನವಾಗಿದ್ದದ್ದು ಇದೇ ಕಾರಣಕ್ಕೆ. 2008ರಲ್ಲಿ ಬಂದ ಕ್ರೋಮ್ ಏನನ್ನೂ ಕೇಳದೆ ತೆರೆಮರೆಯಲ್ಲೇ ತನ್ನನ್ನು ತಾನು ಹೊಸದಾಗಿಸಿಕೊಳ್ಳುವ ಪದ್ಧತಿ ತಂದಾಗ ಬ್ರೌಸರಿನ ಮಟ್ಟಿಗಾದರೂ ಈ ಕಾಟ ತಪ್ಪಿತು.

ನೆಟ್ ಇಲ್ಲದ ಲಿನಕ್ಸ್ ಕಂಪ್ಯೂಟರಿಗೆಂದು ಬರೆದ ಆಪ್ಟ್-ಆಫ್‌ಲೈನ್ ಎಂಬ ಚಿಕ್ಕ ತಂತ್ರಾಂಶದ ಬಗ್ಗೆ ಎರಡು ಮಾತು ಹೇಳಲೇಬೇಕು. ಬರೆದವರು ಡೆಬಿಯನ್ ಎಂಬ ಲಿನಕ್ಸನ್ನು ಕಟ್ಟುವವರಲ್ಲಿ ಒಬ್ಬರಾದ ಭಾರತದ ರಿತೇಶ್ ರಾಜ್ ಸರಾಫ್. ನೆಟ್ ಇಲ್ಲದ ಕಂಪ್ಯೂಟರ್ ತನಗೆ ಏನೇನು ಬೇಕು ಎಂದು ಒಂದು ಪಟ್ಟಿ ಬರೆದುಕೊಡುತ್ತದೆ. ಪಟ್ಟಿಯನ್ನು ಪೆನ್ ಡ್ರೈವಿನಲ್ಲಿ ನೆಟ್ ಇರುವ ಕಡೆಗೆ ಒಯ್ದು ಬೇಕಾದ್ದಷ್ಟನ್ನೇ ಇಳಿಸಿಕೊಂಡು ಬರಬೇಕು. ವಾಪಸು ಬಂದ ಮೇಲೆ ಪ್ರತಿ ಪೊಟ್ಟಣವೂ ಡೆಬಿಯನ್ನಿನಿಂದಲೇ ಬಂದದ್ದೇ ಎಂದು ಸಹಿ ನೋಡಿ ಖಾತ್ರಿಮಾಡಿಕೊಂಡೇ ಅದು ಒಳಗೆ ಬಿಡುತ್ತದೆ. ದಿನಸಿ ಚೀಟಿ ಬರೆದು ಅಂಗಡಿಗೆ ಕಳಿಸಿದಷ್ಟೇ ಸರಳ. ಮನೆಗಳನ್ನು ಕಣ್ಣಾರೆ ಕಂಡವರು ಬರೆದರೆ ತಂತ್ರಾಂಶ ಹೀಗಿರುತ್ತದೆ.

ಸಹಿಯ ಮಾತು ಬಂತು. ಅಪ್‌ಡೇಟ್ ಎಂಬುದು ಕಂಪ್ಯೂಟರಿನ ಅತಿ ಒಳಗಿನ ಕೋಣೆಯವರೆಗೆ ಪ್ರವೇಶವಿರುವ ಕಡತ. ಹಾಗಾಗಿ ಅದನ್ನು ಕಳಿಸಿದವರು ಯಾರೆಂದು ಡಿಜಿಟಲ್ ಸಹಿಯಿಂದ ಪರೀಕ್ಷಿಸಿಯೇ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಹಾಕಿಕೊಳ್ಳುವುದು. ಈ ಬೀಗವೂ ಒಮ್ಮೆ ಮುರಿದಿದೆ. 2012ರಲ್ಲಿ ಪತ್ತೆಯಾದ ಫ್ಲೇಮ್ ಎಂಬ ಬೇಹುಗಾರಿಕೆಯ ತಂತ್ರಾಂಶ ಮೈಕ್ರೋಸಾಫ್ಟಿನದೆಂದೇ ತೋರುವ ಸಹಿಯನ್ನು ಸೃಷ್ಟಿಸಿಕೊಂಡು ವಿಂಡೋಸ್ ಅಪ್‌ಡೇಟಿನ ವೇಷದಲ್ಲಿ ಒಳಗೆ ಬರುತ್ತಿತ್ತು. ಸಹಿಗಳಲ್ಲಿ ಬಳಸುತ್ತಿದ್ದ ಎಂಡಿ5 ಎಂಬ ಹಳೆಯ ಲೆಕ್ಕಾಚಾರದ ದೌರ್ಬಲ್ಯ ಅದಕ್ಕೆ ನೆರವಾಯಿತು. ಅದರ ಗುರಿ ಪಶ್ಚಿಮ ಏಷ್ಯಾದ ಆಯ್ದ ಕಂಪ್ಯೂಟರುಗಳಾಗಿದ್ದವು, ಮನೆಮಂದಿಯಲ್ಲ. ಆ ಸಹಿಗೆ ಆಧಾರವಾಗಿ ದುರ್ಬಳಕೆಯಾದ ಡಿಜಿಟಲ್ ಪ್ರಮಾಣಪತ್ರಗಳನ್ನು ಮೈಕ್ರೋಸಾಫ್ಟ್ ಕೂಡಲೇ ರದ್ದುಮಾಡಿತು.

ಮನೆಮಂದಿಯ ನಂಬಿಕೆಗೆ ನಿಜವಾದ ಪೆಟ್ಟು ಬಿದ್ದದ್ದು ಕಳ್ಳರಿಂದಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. 2015ರ ಜುಲೈ 29ರಂದು ವಿಂಡೋಸ್ 10 ಬಂತು. ಅದಕ್ಕೂ ಮೊದಲೇ ವಿಂಡೋಸ್ 7 ಮತ್ತು 8.1ರ ಬಳಕೆದಾರರಿಗೆ ಅಪ್‌ಡೇಟಿನ ಸಾಲಿನಲ್ಲೇ ಒಂದು ಪುಟ್ಟ ತಂತ್ರಾಂಶ ಬಂದು ಕೂತಿತ್ತು. ಅದರ ಕೆಲಸ ಯಾವ ತೂತನ್ನೂ ಮುಚ್ಚುವುದಲ್ಲ, ವಿಂಡೋಸ್ 10 ಹಾಕಿಕೊಳ್ಳಿ ಎಂದು ಒತ್ತಾಯಿಸುವುದು. ಕೇಳದವರ ಕಂಪ್ಯೂಟರಿಗೂ ಹಲವು ಜಿಬಿಯ ಕಡತಗಳು ಮೊದಲೇ ಬಂದಿಳಿದವು. 2016ರ ಮೇ ಹೊತ್ತಿಗೆ ಆ ಕಿಟಕಿಯ ಮೂಲೆಯ ಇಂಟು ಗುರುತನ್ನು ಒತ್ತಿ ಮುಚ್ಚಿದರೂ ನಿಗದಿಯಾದ ಅಪ್‌ಗ್ರೇಡಿಗೆ ಒಪ್ಪಿದಂತೆಯೇ ಲೆಕ್ಕ. ನಮ್ಮಲ್ಲಿ ಆಗ ಇನ್ನೂ ಜಿಯೋ ಬಂದಿರಲಿಲ್ಲ, ಮೊಬೈಲಿನಲ್ಲಿ 1 ಜಿಬಿಗೆ 250 ರೂಪಾಯಿ ಆಸುಪಾಸು ಕೊಡುತ್ತಿದ್ದ ಕಾಲ. ಡಾಂಗಲ್ ಹಾಕಿಕೊಂಡು ಪರೀಕ್ಷೆಯ ಫಲಿತಾಂಶ ನೋಡಲು ಕೂತವರ ಡೇಟಾ ಎಲ್ಲಿ ಹೋಯಿತೆಂದು ಅವರಿಗೇ ತಿಳಿಯುತ್ತಿರಲಿಲ್ಲ.

ಭದ್ರತೆಯ ದಾರಿಯಲ್ಲಿ ಮಾರಾಟದ ಸರಕು ಸಾಗಿಸಿದ್ದು ಅಕ್ಷಮ್ಯ ಎಂದು ನಾನು ಭಾವಿಸುತ್ತೇನೆ. ಅದನ್ನು ಕಂಡ ಎಷ್ಟೋ ತಿಳಿವಳಿಕೆಯುಳ್ಳವರು, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವರೂ, ವಿಂಡೋಸ್ 7ರಲ್ಲಿ ಅಪ್‌ಡೇಟನ್ನೇ ಪೂರ್ತಿ ನಿಲ್ಲಿಸಿಬಿಟ್ಟರು. 2017ರ ಮೇ 12ರಂದು ವಾನಾಕ್ರೈ ಎಂಬ ವರ್ಮ್ ಬಂತು, ಕಡತಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳಿತು. ಅದು ಬಳಸಿದ ತೂತಿಗೆ ಮಾರ್ಚ್ 14ರಂದೇ ಪ್ಯಾಚ್ ಬಂದಿತ್ತು. ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ವಿಂಡೋಸ್ 7 ಕಂಪ್ಯೂಟರುಗಳೇ. ಅವುಗಳ ಒಡೆಯರಲ್ಲಿ ಎಷ್ಟು ಜನ ಹಿಂದಿನ ವರ್ಷದ ಆ ಕಾಟಕ್ಕೆ ಬೇಸತ್ತು ಅಪ್‌ಡೇಟ್ ನಿಲ್ಲಿಸಿದ್ದರೋ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬೆಂಬಲ, ಅಂದರೆ ಹೊಸ ಪ್ಯಾಚ್ ಕೊಡುವುದು, ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಆ ವಾರ ಮೈಕ್ರೋಸಾಫ್ಟ್ ವಿಶೇಷವಾಗಿ ಪ್ಯಾಚ್ ಕೊಟ್ಟಿತು. ಕೊಡಬೇಕೆಂದರೆ ಕೊಡಬಹುದು ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಈಗಿನ ಮನೆಯ ಸ್ಥಿತಿ ಹೇಗಿದೆ? ಶಿವಮೊಗ್ಗದಲ್ಲಿರುವ ನನ್ನ ಸೋದರತ್ತೆಯ ಮಾತನ್ನೇ ಬರೆಯುತ್ತೇನೆ: "ಅದೇನೋ ಅಪ್‌ಡೇಟು ಅಂತ ಕೇಳ್ತಾ ಇರುತ್ತೆ ಮಾರಾಯ, ನಾನು ಬೇಡ ಅಂತ ಒತ್ತಿಬಿಡ್ತೀನಿ. ಮೊನ್ನೆ ಹೂಂ ಅಂದಿದ್ದಕ್ಕೆ ಮೊಬೈಲಿನ ನೆಟ್ಟೆಲ್ಲ ಅದೇ ತಿಂದ್ಹಾಕ್ತು. ರಾತ್ರಿ ಮೊಮ್ಮಗಳ ಹತ್ರ ಮಾತಾಡಕ್ಕೂ ಇರ್ಲಿಲ್ಲ." ಅತ್ತೆಯ ಲ್ಯಾಪ್‌ಟಾಪಿಗೆ ನೆಟ್ ಬರುವುದು ಮೊಬೈಲಿನ ಹಾಟ್‌ಸ್ಪಾಟಿನಿಂದ. ದಿನಕ್ಕೆ ಒಂದೂವರೆ ಜಿಬಿ. ತಿಂಗಳ ಪ್ಯಾಚ್ ನೂರಾರು ಎಂಬಿ. ಹಾಟ್‌ಸ್ಪಾಟನ್ನು ವಿಂಡೋಸ್ ಮಾಮೂಲಿ ವೈಫೈ ಎಂದೇ ಎಣಿಸಿ ಧಾರಾಳವಾಗಿ ಎಳೆದುಕೊಳ್ಳುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ 'ಮೀಟರ್ಡ್', ಅಂದರೆ ಡೇಟಾ ಅಳತೆಯಿರುವ ಸಂಪರ್ಕ, ಎಂದು ಗುರುತಿಟ್ಟರೆ ಬಹುತೇಕ ಅಪ್‌ಡೇಟುಗಳನ್ನು ತಡೆದುಬಿಡುತ್ತದೆ, ಆಗ ಡೇಟಾ ಉಳಿದರೂ ಭದ್ರತೆ ಇಲ್ಲ. ಇವೆರಡರ ನಡುವೆ ಒಂದು ದಾರಿ, ಅಂದರೆ ಭದ್ರತೆಯ ಚಿಕ್ಕ ಪ್ಯಾಚಷ್ಟೇ ಈಗ ಬರಲಿ, ಉಳಿದದ್ದೆಲ್ಲ ಮಗ ಊರಿಗೆ ಬಂದಾಗ ಅವನ ನೆಟ್ಟಿನಲ್ಲಿ ಬರಲಿ ಎಂದು ಹೇಳುವ ಗುಂಡಿ, ಇಲ್ಲ. ತಿಂಗಳ ತಿದ್ದುಪಡಿಯಲ್ಲಿ ಎಲ್ಲವೂ ಒಟ್ಟಿಗೇ ಕಟ್ಟಿಬರುತ್ತದೆ. ಕೇಳುವ ಕಿಟಕಿಗಳು ಇಂಗ್ಲಿಷಿನಲ್ಲಿ. ವಿಂಡೋಸಿಗೆ ಕನ್ನಡದ ಭಾಷಾ ಪ್ಯಾಕ್ ಇದೆ, ಆದರೆ ಮಾರುವವರು ಹಾಕಿಕೊಡುವುದಿಲ್ಲ, ಅದನ್ನೂ ಇಳಿಸಿಕೊಳ್ಳಬೇಕು.

ನಾನು ಮಾಡುವುದು ಇಷ್ಟು. ನೆಟ್ ಧಾರಾಳವಾಗಿರುವ ಕಡೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ತಾಣದಿಂದ ಆ ತಿಂಗಳ ಕಡತವನ್ನು ಇಳಿಸಿ ಪೆನ್ ಡ್ರೈವಿನಲ್ಲಿ ಒಯ್ಯುತ್ತೇನೆ. ಅತ್ತೆಯ ಬೀದಿಯ ಇನ್ನೊಂದಿಬ್ಬರಿಗೂ ಅದೇ ಕಡತ ಆಗುತ್ತದೆ. ಒಂದೇ ಮನೆಯಲ್ಲಿ ಎರಡು ಕಂಪ್ಯೂಟರಿದ್ದರೆ ಡೆಲಿವರಿ ಆಪ್ಟಿಮೈಸೇಷನ್ ಎಂಬ ಆಯ್ಕೆಯಲ್ಲಿ ಸ್ಥಳೀಯ ನೆಟ್‌ವರ್ಕಿನದನ್ನಷ್ಟೇ ಚಾಲೂ ಇಡುತ್ತೇನೆ, ಒಂದು ಇಳಿಸಿಕೊಂಡದ್ದನ್ನು ಇನ್ನೊಂದು ಅದರಿಂದಲೇ ಪಡೆಯುತ್ತದೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ, ಎಷ್ಟೋ ಕಡೆ ಕಂಪ್ಯೂಟರ್ ಇದೆ, ನೆಟ್ ಇದೆ. ತಿಂಗಳಿಗೊಮ್ಮೆ ಅಲ್ಲಿ ಆ ತಿಂಗಳ ಪ್ಯಾಚ್ ಇಳಿಸಿಟ್ಟು ಬಂದವರಿಗೆ ಕೊಡುವ ಏರ್ಪಾಡಾದರೆ ಸರ್ಕಾರಕ್ಕೆ ಹೆಚ್ಚಿನ ಖರ್ಚಿಲ್ಲ. ಕಂಪ್ಯೂಟರಿಗೆ ಸೇರಿದ ಸೋಂಕು ತೆಗೆಯುವ ಸಲಕರಣೆಗಳನ್ನು ಪುಕ್ಕಟೆ ಕೊಡಲೆಂದು ಕೇಂದ್ರ ಸರ್ಕಾರ 2017ರಲ್ಲೇ ಸೈಬರ್ ಸ್ವಚ್ಛತಾ ಕೇಂದ್ರ ತೆರೆದಿದೆ. ಸೋಂಕು ತಗುಲಿದ ಮೇಲೆ ಕೊಡುವವರು ತಗುಲುವ ಮೊದಲೂ ಕೊಡಬಹುದು.

ಇದೆಲ್ಲ ಪ್ಯಾಚ್ ತಯಾರಾಗುತ್ತಿರುವ ಕಂಪ್ಯೂಟರುಗಳ ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರಾಸೆಸರೂ ಬೇಕು. ಏಳನೆಯ ತಲೆಮಾರಿನ ಲ್ಯಾಪ್‌ಟಾಪ್ ಇನ್ನೂ ಗಟ್ಟಿಮುಟ್ಟಾಗಿ ಓಡುತ್ತಿದ್ದರೂ ಪಟ್ಟಿಯಿಂದ ಹೊರಗೆ. ಅಂಥವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಿಸ್ತರಿತ ಭದ್ರತಾ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಅದಕ್ಕೆ ಮೈಕ್ರೋಸಾಫ್ಟ್ ಖಾತೆ ತೆರೆಯಬೇಕು. ಆಮೇಲೆ ಕಂಪ್ಯೂಟರಿನ ಸೆಟ್ಟಿಂಗ್ಸನ್ನು ಅವರ ಕ್ಲೌಡಿಗೆ ಬ್ಯಾಕಪ್ ಮಾಡಬೇಕು, ಇಲ್ಲವೇ ಅವರ 1,000 ರಿವಾರ್ಡ್ಸ್ ಅಂಕ ಕೊಡಬೇಕು, ಇಲ್ಲವೇ 30 ಡಾಲರಿಗೆ ಸಮನಾದ ಹಣ ಕಟ್ಟಬೇಕು. ಯೂರೋಪಿನ ಆರ್ಥಿಕ ವಲಯದ ದೇಶಗಳಲ್ಲಿ ಮಾತ್ರ ಬ್ಯಾಕಪ್ಪಿನ ಷರತ್ತೂ ಇಲ್ಲ, ಹಣವೂ ಇಲ್ಲ, ಖಾತೆಯೊಂದಿದ್ದರೆ ಸಾಕು. ಅಲ್ಲಿನ ಗ್ರಾಹಕ ಸಂಘಟನೆಗಳು ಪಟ್ಟುಹಿಡಿದು ಕೇಳಿದವು, ಅವರಿಗೆ ಸಿಕ್ಕಿತು. ಒಂದೇ ಪ್ಯಾಚ್, ಒಂದೇ ತೂತು, ಆದರೆ ಬರ್ಲಿನ್ನಿನ ಮನೆಗೊಂದು ನಿಯಮ, ಭದ್ರಾವತಿಯ ಮನೆಗೊಂದು ನಿಯಮ.

ಯೂರೋಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಅಲ್ಲಿನ ಸೈಬರ್ ರೆಸಿಲಿಯೆನ್ಸ್ ಕಾಯ್ದೆಯ ಮುಖ್ಯ ಕಲಮುಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ಭದ್ರತೆಯ ತಿದ್ದುಪಡಿಯನ್ನು ಪುಕ್ಕಟೆ ಕೊಡಬೇಕು, ತಾಂತ್ರಿಕವಾಗಿ ಸಾಧ್ಯವಿರುವಲ್ಲೆಲ್ಲ ಅದನ್ನು ಹೊಸ ಫೀಚರುಗಳಿಂದ ಬೇರ್ಪಡಿಸಿ ಕೊಡಬೇಕು, ಸಾಮಾನ್ಯವಾಗಿ ಐದು ವರ್ಷವಾದರೂ ಕೊಡಬೇಕು ಎಂದು ಅದರಲ್ಲಿದೆ. ಅತ್ತೆಗೆ ಬೇಕಾದ ಗುಂಡಿ ಅಲ್ಲಿ ಕಾಯ್ದೆಯ ಮಾತಾಗಿದೆ.

ನಮ್ಮಲ್ಲೂ ಒಂದು ಬಾಗಿಲು ತೆರೆದಿದೆ, ಅದಕ್ಕೇ ಇಷ್ಟೆಲ್ಲ ಬರೆದದ್ದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ ಸಮಿತಿ 2025ರ ಮೇ ತಿಂಗಳಲ್ಲಿ ರಿಪೇರಿ ಸೂಚ್ಯಂಕದ ವರದಿ ಕೊಟ್ಟಿತು. ಒಂದು ಸಾಧನವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂದು ಅಂಕ ಕೊಡುವಾಗ ಬಿಡಿಭಾಗ, ಸಲಕರಣೆಗಳ ಜೊತೆಗೆ ಸಾಫ್ಟ್‌ವೇರ್ ಅಪ್‌ಡೇಟನ್ನೂ ಒಂದು ಅಳತೆಯಾಗಿ ಅದರಲ್ಲಿ ಸೇರಿಸಿದ್ದಾರೆ. ಸದ್ಯಕ್ಕೆ ಅದರ ಗಮನ ಮೊಬೈಲು ಮತ್ತು ಟ್ಯಾಬ್ಲೆಟ್ಟುಗಳ ಮೇಲೆ. ಲ್ಯಾಪ್‌ಟಾಪು, ಡೆಸ್ಕ್‌ಟಾಪುಗಳೂ ಅದರೊಳಗೆ ಬರಬೇಕು. ಈ ಕಂಪ್ಯೂಟರಿಗೆ ಯಾವ ವರ್ಷದ ಯಾವ ತಿಂಗಳವರೆಗೆ ಭದ್ರತಾ ತಿದ್ದುಪಡಿ ಪುಕ್ಕಟೆ ಸಿಗುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ ಎಂಆರ್‌ಪಿಯ ಪಕ್ಕದಲ್ಲೇ, ಇಲ್ಲಿ ಮಾರುವ ಪೆಟ್ಟಿಗೆಯಾದರೆ ಕನ್ನಡದಲ್ಲೂ, ಮುದ್ರಿಸಬೇಕು. ನಾನು ಇಲಾಖೆಗೆ ಪತ್ರ ಬರೆದಿದ್ದೇನೆ. ಮನೆಯಲ್ಲೊಂದು ಹಳೆಯ ಕಂಪ್ಯೂಟರ್ ಇರುವ ನೀವೂ ಬರೆಯಿರಿ, ನಿಮ್ಮ ಲ್ಯಾಪ್‌ಟಾಪಿನ ಮಾಡೆಲ್ಲು, ಕೊಂಡ ವರ್ಷ, ಅಪ್‌ಡೇಟ್ ನಿಂತ ದಿನಾಂಕ ಮೂರನ್ನೂ ಸೇರಿಸಿ.